ಕಾಣದ ಬೆಳಕಿನ ಕಾವು

ಅಥಣಿ ತಾಲೂಕಿನ ಕೊಕಟನೂರು ಹೊರಗಿನವರಿಗೆ ಯಲ್ಲಮ್ಮನ ಜಾತ್ರೆಯಿಂದ ಗೊತ್ತು. ನನಗೆ ಆ ಸೀಮೆ ಎಂದರೆ ಮೊದಲು ನೆನಪಾಗುವುದು ಚಳಿ, ಅದರ ಹಿಂದೆಯೇ ಮಣ್ಣಿನ ಶೇಗಡಿ. ಬೆಳಗಿನ ಜಾವ ಅಂಗಳದಲ್ಲಿ ಒಂದಿಷ್ಟು ಕುಳ್ಳು, ತೊಗರಿ ಕಟ್ಟಿಗೆ ಹೊತ್ತಿಸಿ ಅದರ ಕೆಂಡವನ್ನು ಶೇಗಡಿಗೆ ತುಂಬಿದರೆ ಮನೆಮಂದಿಯೆಲ್ಲ ಅದರ ಸುತ್ತ ಕೂಡುತ್ತಾರೆ.

ಇದೇ ಕುಲದ ಒಲೆಯೊಂದು ಮೆಕ್ಸಿಕೊ ದೇಶದಲ್ಲಿದೆ, ಹೆಸರು ಚಿಮಿನಿಯಾ. ಗುಡಾಣದಂಥ ಹೊಟ್ಟೆ, ಮುಂದೆ ಬಾಯಿ, ಮೇಲೆ ಉದ್ದ ಕತ್ತು. ಜಾಣತನವೆಲ್ಲ ಆ ಕತ್ತಿನಲ್ಲಿದೆ. ಬಿಸಿಯಾಗಿ ಹಗುರಾದ ಗಾಳಿ ಅದರೊಳಗೆ ಮೇಲೇರುತ್ತ ಬಾಯಿಯಿಂದ ತಣ್ಣನೆಯ ಗಾಳಿಯನ್ನು ಒಳಕ್ಕೆಳೆಯುತ್ತದೆ. ಯಾರೂ ಊದಬೇಕಿಲ್ಲ, ಹೊಗೆ ಕೂತವರ ಕಣ್ಣಿಗೆ ಬಾರದೆ ತಲೆಯ ಮೇಲೆ ಹಾದುಹೋಗುತ್ತದೆ.

ಆದರೆ ನನ್ನ ಬೆರಗೆಲ್ಲ ಮಣ್ಣಿನದು. ಕುಂಬಾರರು ಕೆರೆಯ ಮಣ್ಣಿಗೆ ಬೂದಿ, ಲದ್ದಿ, ಹೊಟ್ಟು ಬೆರೆಸಿ ತುಳಿಯುತ್ತಾರೆ. ಆವಿಗೆಯಲ್ಲಿ ಲದ್ದಿ, ಹೊಟ್ಟು ಸುಟ್ಟುಹೋಗಿ ಅವು ಇದ್ದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತವೆ. ಮುಂದೆ ಎಲ್ಲಾದರೂ ಬಿರುಕು ಹುಟ್ಟಿದರೆ ಎಷ್ಟೋ ಸಲ ಅದು ಅಂಥ ತೂತಿಗೆ ಬಂದು ನಿಂತುಬಿಡುತ್ತದೆ. ಸುಮಾರು 500 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಜೇಡಿಯ ಕಣಗಳೊಳಗೇ ಬೆಸೆದುಕೊಂಡಿದ್ದ ನೀರಿನಂಶ ಹೊರಟುಹೋಗುತ್ತದೆ. ಆಮೇಲೆ ಆ ಮಣ್ಣು ಎಷ್ಟು ನೆನೆದರೂ ಕೆಸರಾಗದು. 573 ಡಿಗ್ರಿ ದಾಟುವಾಗ ಮರಳಿನ ಹರಳು ತಟ್ಟನೆ ಹಿಗ್ಗುತ್ತದೆ, ಆರುವಾಗ ಅದೇ ಮಟ್ಟದಲ್ಲಿ ಕುಗ್ಗುತ್ತದೆ. ಅವಸರದಲ್ಲಿ ಆವಿಗೆ ಬಿಚ್ಚಿದರೆ ಗಡಿಗೆ ಸೀಳುವುದಕ್ಕೆ ಇದೂ ಒಂದು ಕಾರಣ. ಉಷ್ಣಮಾಪಕ ಕಾಣದ ಜನ ಉರಿಯ ಬಣ್ಣ ನೋಡಿಯೇ ಇದನ್ನೆಲ್ಲ ಸಂಭಾಳಿಸಿಕೊಂಡು ಬಂದರಲ್ಲ, ಅವರಿಗೆ ಕೈಮುಗಿಯಬೇಕು.

ಕೊಳ್ಳುವಾಗ ಕಿವಿ ಬೇಕು. "ಬಾರಿಸಿ ತಗೋರಿ ಅಣ್ಣಾರ, ಸೀಳಿದ್ದು ತಾನ ಹೇಳತೈತಿ" ಎಂದಿದ್ದಳು ಸಂತೆಯಲ್ಲಿ ಗಡಿಗೆ ಮಾರುವ ಅವ್ವ. ಗಟ್ಟಿಯಾದದ್ದು ಠಣ್ ಎನ್ನುತ್ತದೆ. ಬಿರುಕಿದ್ದರೆ ಕಂಪನ ಅಲ್ಲೇ ತಡೆದು ದನಿ ಮಂಕಾಗುತ್ತದೆ. ಕುಂಬಾರ ಗುಂಡಯ್ಯ ಗಡಿಗೆ ಬಾರಿಸಿದ ನಾದಕ್ಕೆ ಶಿವನೇ ಕುಣಿದನೆಂದು ಹರಿಹರ ರಗಳೆ ಬರೆದ. ಆ ಗಡಿಗೆಗಳು ಚೆನ್ನಾಗಿ ಬೆಂದಿದ್ದವು ಎಂದು ನಾನು ನಂಬುತ್ತೇನೆ.

ಮಣ್ಣಿನ ಒಲೆ ತಂದ ದಿನವೇ ದೊಡ್ಡ ಉರಿ ಹಚ್ಚಬಾರದು. ತಳಕ್ಕೆ ಮರಳು ಹರವಿ, ಕೆಲವು ಸಂಜೆ ಪುಳ್ಳೆಗಳ ಸಣ್ಣ ಉರಿಯಲ್ಲೇ ಹದ ಮಾಡಬೇಕು. ಒಳಗಿನ ತೇವ ಒಮ್ಮೆಲೇ ಆವಿಯಾದರೆ ಮೈ ಒಡೆಯುತ್ತದೆ. ಕಾದ ಮೈಗೆ ನೀರು ತಾಗಿಸಬಾರದು. ಬಾಗಿಲು ಮುಚ್ಚಿದ ಕೋಣೆಯೊಳಗಂತೂ ಕೆಂಡ ಇಡಲೇಬಾರದು, ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ನಿದ್ದೆಯಲ್ಲೇ ಕೊಲ್ಲುತ್ತದೆ.

ಬಯಲಲ್ಲಿ ಗಾಳಿಯನ್ನು ಕಾಯಿಸಿ ಫಲವಿಲ್ಲ, ಅದು ಹಾರಿಹೋಗುತ್ತದೆ. ಹಾಗಿದ್ದರೆ ಎರಡು ಮಾರು ದೂರ ಕೂತ ನನ್ನ ಎದೆಗೆ ತಾಗುವುದೇನು? ಬೆಳಕು. ಕೆಂಪಿಗಿಂತ ಆಚೆಯ, ಕಣ್ಣಿಗೆ ಸಿಗದ ಬೆಳಕು. 1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಲ್ಲಿ ಒಡೆದು, ಕೆಂಪಿನ ಆಚೆಯ ಖಾಲಿ ಜಾಗದಲ್ಲಿ ಉಷ್ಣಮಾಪಕ ಇಟ್ಟಾಗ ಪಾದರಸ ಏರಿತ್ತು. ಉರಿ ಆರಿದ ಮೇಲೂ ಕಾದ ಮಣ್ಣು ಆ ಬೆಳಕನ್ನೇ ಬೀರುತ್ತಿರುತ್ತದೆ. ಬೆಳಕು ತನಗೆ ಎದುರಾದದ್ದನ್ನಷ್ಟೇ ಕಾಯಿಸುತ್ತದೆ, ಅದಕ್ಕೇ ಎದೆ ಬೆಚ್ಚಗಿದ್ದಾಗಲೂ ಬೆನ್ನು ತಣ್ಣಗಿರುತ್ತದೆ.

ಇದು ತಿಳಿದ ಮೇಲೆ ಇನ್ನೊಂದು ಬೆರಗು ಎದ್ದು ಕೂತಿತು. ಮೋಡವಿಲ್ಲದ ರಾತ್ರಿ ಕೊಕಟನೂರಿನ ಎರೆಹೊಲವೂ ಹಗಲು ಹೀರಿದ ಕಾವನ್ನು ಇದೇ ಬೆಳಕಾಗಿ ಆಕಾಶಕ್ಕೆ ಬಿಡುತ್ತಿರುತ್ತದೆ. ನೆಲ ತಣ್ಣಗಾಗುವುದು ಹೀಗೆಯೇ. ಶೇಗಡಿ ನಮ್ಮನ್ನು ಕಾಯಿಸುವ ಬಗೆಯೂ ಹೊಲ ನಮ್ಮನ್ನು ನಡುಗಿಸುವ ಬಗೆಯೂ ಒಂದೇ! ಬೇವಿನ ಮರದಡಿ ಇಬ್ಬನಿ ಕಡಿಮೆ ಬೀಳುವುದೂ ಇದರಿಂದಲೇ: ನೆಲ ಬಿಟ್ಟ ಕಾವನ್ನು ಎಲೆಗಳು ತಡೆದು, ತಮ್ಮ ಕಾವನ್ನು ಕೆಳಕ್ಕೆ ಬೀರುತ್ತವೆ. ಚಳಿಗಾಲದಲ್ಲಿ ಎತ್ತುಗಳನ್ನು ಬಯಲಿಗೆ ಬಿಡದೆ ಮರದಡಿ ಕಟ್ಟುವ ರೈತ ಇದನ್ನು ಹರ್ಷೆಲನಿಗಿಂತ ಮೊದಲೇ ಕಂಡುಕೊಂಡಿದ್ದ.