ದಾನವೂ ಋಣವೂ

ಮುಂಬಯಿ ಪುಣೆಗಳಲ್ಲಿ ಜೀವಮಾನವೆಲ್ಲ ದುಡಿದು, ನಿವೃತ್ತಿಯ ಕಾಲಕ್ಕೆ ಲೋಣಾವಳಾದ ತಂಪಿನಲ್ಲಿ ಒಂದು ಮನೆಯನ್ನು ಮಾಡಿಕೊಂಡ ಗೃಹಸ್ಥರಲ್ಲಿ ಕನ್ನಡಿಗರೂ ಉಂಟು. ವಯಸ್ಸು ಮಾಗಿ, ಘಟ್ಟದ ಮಳೆಗಾಲವನ್ನು ಇಬ್ಬರೇ ಕಳೆಯುವ ತ್ರಾಣ ಕುಂದಿದಾಗ ಅಂಥವರ ಮುಂದೆ ಬಂದು ನಿಲ್ಲುವ ಪ್ರಶ್ನೆಯೊಂದಿದೆ: ಮನೆಯನ್ನು ಈಗಲೇ ಮಕ್ಕಳಿಗೆ ದಾನಪತ್ರ ಮಾಡಿಕೊಡುವುದೋ, ಉಯಿಲು ಬರೆದಿಟ್ಟು ತಮ್ಮ ಕಾಲಾನಂತರಕ್ಕೆ ಬಿಡುವುದೋ? ವಕೀಲರ ಉತ್ತರ ಸರಳವಾದುದು. ಉಯಿಲನ್ನು ಬದುಕಿರುವವರೆಗೆ ಬದಲಿಸಬಹುದು. ನೋಂದಣಿಯಾದ ದಾನಪತ್ರವನ್ನು ಮನಸ್ಸು ಬಂದಂತೆ ರದ್ದುಪಡಿಸಲಾಗದು. ಆದುದರಿಂದ ದಾನವನ್ನೇ ಮಾಡುವುದಾದರೆ, ತಮ್ಮನ್ನು ಕೊನೆಯವರೆಗೆ ನೋಡಿಕೊಳ್ಳತಕ್ಕದ್ದೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಬೇಕು. ಈ ಮಾತನ್ನು ಕೇಳಿ ಹಿರಿಯರು ಹಿಂಜರಿಯುವುದು ಕಾನೂನಿನ ಭಯದಿಂದಲ್ಲ, ಧರ್ಮದ ಸಂಕೋಚದಿಂದ. ಹೆತ್ತ ಮಕ್ಕಳೊಡನೆ ಕರಾರೇ? ಫಲವನ್ನು ಅಪೇಕ್ಷಿಸಿ ಕೊಟ್ಟುದು ದಾನವೆನಿಸೀತೇ?

ಸಂಕೋಚಕ್ಕೆ ಆಧಾರವಿಲ್ಲದೆ ಇಲ್ಲ. ಗೀತೆಯ ಹದಿನೇಳನೆಯ ಅಧ್ಯಾಯವು, ಪ್ರತ್ಯುಪಕಾರ ಮಾಡಲಾರದವನಿಗೆ ಕೊಡಬೇಕೆಂಬ ಬುದ್ಧಿಯೊಂದರಿಂದಲೇ ಕೊಟ್ಟುದನ್ನು ಸಾತ್ತ್ವಿಕವೆಂದೂ, ಪ್ರತಿಫಲವನ್ನು ಎಣಿಸಿ ಕೊಟ್ಟುದನ್ನು ರಾಜಸವೆಂದೂ ವಿಂಗಡಿಸುತ್ತದೆ. ಆದರೆ ಈ ಅಳತೆಗೋಲನ್ನು ತಂದೆ ಮಕ್ಕಳ ನಡುವೆ ಹಿಡಿಯುವ ಮುನ್ನ, ಅವರ ಸಂಬಂಧ ದಾತೃ–ಪ್ರತಿಗ್ರಹೀತೃಗಳ ಸಂಬಂಧವೇ ಎಂಬುದನ್ನು ವಿಚಾರಿಸಬೇಕಾಗುತ್ತದೆ.

ಇದನ್ನು ನಮ್ಮ ನಾಡಿನಲ್ಲಿ ಆಳವಾಗಿ ವಿಚಾರಿಸಿದವನು ವಿಜ್ಞಾನೇಶ್ವರ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ಕಲ್ಯಾಣದಲ್ಲಿ ಕುಳಿತು ಅವನು ರಚಿಸಿದ ಮಿತಾಕ್ಷರವು, ಮುಂದೆ ಕರ್ಣಾಟಕದಲ್ಲಿ ಮಾತ್ರವಲ್ಲದೆ ಪುಣೆ ಪ್ರಾಂತದ ನ್ಯಾಯಾಲಯಗಳಲ್ಲಿಯೂ ಪ್ರಮಾಣಗ್ರಂಥವಾಯಿತು. ದಾಯವಿಭಾಗವನ್ನು ಹೇಳಹೊರಟ ಅವನು ಮೊದಲು ಎತ್ತುವುದು ಒಂದು ದರ್ಶನದ ಪ್ರಶ್ನೆಯನ್ನೇ: ಸ್ವತ್ವವೆಂಬುದು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕುದೋ, ಅಥವಾ ಲೌಕಿಕವೋ? ಶಾಸ್ತ್ರವನ್ನು ಕಂಡರಿಯದ ಗಡಿನಾಡಿನ ಜನರೂ ಕೊಳ್ಳುವುದನ್ನೂ ಮಾರುವುದನ್ನೂ ನಡೆಸುತ್ತಿರುವುದರಿಂದ ಸ್ವತ್ವವು ಲೌಕಿಕವೇ ಎಂದು ಅವನು ನಿರ್ಣಯಿಸುತ್ತಾನೆ. ಪಿತ್ರಾರ್ಜಿತದಲ್ಲಿ ಮಗನಿಗೆ ಜನ್ಮದಿಂದಲೇ ಹಕ್ಕುಂಟೆಂಬುದು ಅವನ ಇನ್ನೊಂದು ಸಿದ್ಧಾಂತ. ಆ ಜನ್ಮಸಿದ್ಧ ಹಕ್ಕು ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯಿಂದ ಮಗಳಿಗೂ ದೊರೆತಿದೆ. ಹಾಗಿದ್ದಮೇಲೆ, ಪಿತ್ರಾರ್ಜಿತದ ಪಾಲನ್ನು ಮಕ್ಕಳಿಗೆ ಬಿಟ್ಟುಕೊಡುವುದು ದಾನವೇ ಅಲ್ಲ, ಅವರದನ್ನು ಅವರಿಗೆ ಒಪ್ಪಿಸುವುದು. ಉಳಿದುದು ಸ್ವಾರ್ಜಿತ; ಲೋಣಾವಳಾದ ಮನೆ ಸಾಮಾನ್ಯವಾಗಿ ಈ ವರ್ಗದ್ದು.

ಸ್ವಾರ್ಜಿತವನ್ನು ಕೊಡುವಾಗಲೂ ಒಂದು ಸಂಗತಿಯನ್ನು ಮರೆಯಲಾಗದು. ವೃದ್ಧರಾದ ತಾಯಿತಂದೆಗಳನ್ನು ಅಕಾರ್ಯಗಳನ್ನು ಮಾಡಿಯಾದರೂ ಪೋಷಿಸಬೇಕೆಂಬ ಮನುವಚನವನ್ನು ಮಿತಾಕ್ಷರವು ಉದಾಹರಿಸುತ್ತದೆ. ಆಸ್ತಿ ಬಂದಿದ್ದರೆ ಮಾತ್ರ ಪೋಷಿಸಬೇಕೆಂದು ಅಲ್ಲಿ ಹೇಳಿಲ್ಲ. 2007ರಲ್ಲಿ ಸಂಸತ್ತು ಮಾಡಿದ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯೂ ಮಗ, ಮಗಳು, ಪ್ರಾಪ್ತವಯಸ್ಕರಾದ ಮೊಮ್ಮಕ್ಕಳು ಇವರೆಲ್ಲರ ಮೇಲೆ ಈ ಹೊಣೆಯನ್ನು ಹೊರಿಸುವಾಗ, ದಾನಪತ್ರ ಆಗಿದೆಯೇ ಎಂದು ಕೇಳುವುದಿಲ್ಲ. ಪೋಷಣೆಯು ಮನೆಗೆ ಕೊಡುವ ಬೆಲೆಯಲ್ಲ, ಮೊದಲೇ ಇದ್ದ ಋಣ. ಹಾಗಾದರೆ ಷರತ್ತು ಬರೆಸಿದವನು ವ್ಯಾಪಾರಕ್ಕೆ ಇಳಿದವನಲ್ಲ. ಇದ್ದ ಋಣವನ್ನು ಅಕ್ಷರಕ್ಕೆ ಇಳಿಸಿದವನು.

ಕೊಟ್ಟ ಮೇಲೆ ಹಿಂದಕ್ಕೆ ಪಡೆಯುವುದು ಅಧರ್ಮವೆಂಬ ಇನ್ನೊಂದು ಶಂಕೆಗೆ ನಾರದಸ್ಮೃತಿಯೇ ಸಮಾಧಾನ ಹೇಳುತ್ತದೆ. ಕೊಟ್ಟರೂ ಕೊಟ್ಟಂತಾಗದ ಹದಿನಾರು ಬಗೆಯ ‘ಅದತ್ತ’ಗಳನ್ನು ಅದು ಎಣಿಸಿದೆ: ಭಯದಿಂದ, ಶೋಕದಿಂದ, ಕಪಟಕ್ಕೆ ಸಿಕ್ಕಿ ಕೊಟ್ಟುದರೊಡನೆ, ಇವನು ನನಗೆ ಇಂಥ ಕಾರ್ಯವನ್ನು ಮಾಡುವನೆಂಬ ಆಶೆಯಿಂದ ಕೊಟ್ಟುದೂ ಆ ಗಣನೆಯಲ್ಲಿದೆ. 2007ರ ಕಾಯಿದೆಯ 23ನೆಯ ಕಲಮು ಹೇಳುವುದು ಇದಕ್ಕೆ ಬಹು ಸಮೀಪವಾದುದು: ಕಾಯಿದೆ ಜಾರಿಗೆ ಬಂದ ಮೇಲೆ, ಪೋಷಣೆಯ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವನು ಷರತ್ತನ್ನು ನಡೆಸದಿದ್ದರೆ, ಆ ಹಸ್ತಾಂತರವು ವಂಚನೆಯಿಂದಲೋ ಬಲಾತ್ಕಾರದಿಂದಲೋ ಆದುದೆಂದು ಭಾವಿಸಲ್ಪಟ್ಟು, ಕೊಟ್ಟವರ ಇಚ್ಛೆಯಂತೆ ನ್ಯಾಯಮಂಡಳಿಯಿಂದ ಅನೂರ್ಜಿತವೆನಿಸಬಹುದು. ಆದರೆ ಷರತ್ತು ಇದ್ದುದೆಂಬುದು ಸಿದ್ಧವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯವು, ಮಗನು ಬರೆದುಕೊಟ್ಟಿದ್ದ ವಚನಪತ್ರವನ್ನೂ ಗಣನೆಗೆ ತೆಗೆದುಕೊಂಡು, ಕಾಯಿದೆಯನ್ನು ಉದಾರವಾಗಿ ಅರ್ಥೈಸಿ, ಒಬ್ಬ ತಾಯಿಗೆ ಆಕೆಯ ಆಸ್ತಿಯನ್ನು ಮರಳಿ ಕೊಡಿಸಿತು. ಎರಡು ತೀರ್ಪುಗಳಲ್ಲಿಯೂ ತೂಗಿದ್ದು ಮನಸ್ಸಿನಲ್ಲಿದ್ದ ವಿಶ್ವಾಸವಲ್ಲ, ತೋರಿಸಬಹುದಾದ ಪ್ರಮಾಣ.

ಉದ್ದೇಶವನ್ನು ಬಾಯಿಬಿಟ್ಟು ಹೇಳಿದ ಮಾತ್ರಕ್ಕೆ ದಾನದ ಘನತೆ ಕುಂದದೆಂಬುದಕ್ಕೆ ಲೋಣಾವಳಾದಿಂದ ಕೆಲವೇ ಮೈಲಿ ದೂರದ ಕಾರ್ಲಾ ಗುಹೆಗಳು ಸಾಕ್ಷಿಯಾಗಿವೆ. ಅಲ್ಲಿಯ ಚೈತ್ಯವನ್ನು ಪೂರ್ಣಗೊಳಿಸಿದವನು, ವಿದ್ವಾಂಸರು ನಮ್ಮ ಬನವಾಸಿಯೆಂದು ಗುರುತಿಸುವ ವೈಜಯಂತಿಯ ಶ್ರೇಷ್ಠಿ ಭೂತಪಾಲ. ಅದೇ ಚೈತ್ಯದ ಇನ್ನೊಂದು ಶಾಸನದಲ್ಲಿ ಕ್ಷತ್ರಪ ದೊರೆ ನಹಪಾನನ ಅಳಿಯ ಉಷವದಾತನು ಕರಜಿಕವೆಂಬ ಗ್ರಾಮವನ್ನು ಬಿಟ್ಟುಕೊಡುವಾಗ, ಅದು ಇಲ್ಲಿ ಮಳೆಗಾಲ ಕಳೆಯುವ ಪ್ರವ್ರಜಿತರ ಜೀವನಾಧಾರಕ್ಕೆಂದು ಸ್ಪಷ್ಟವಾಗಿ ಕಲ್ಲಿನಲ್ಲಿ ಕೊರೆಸಿದ್ದಾನೆ. ಸರ್ವಸಂಗ ಪರಿತ್ಯಾಗಿಗಳಿಗೆ ಕೊಡುವಾಗಲೂ ಬರೆಸಿಡುವುದು ಅವಮಾನವೆನಿಸಲಿಲ್ಲವಾದರೆ, ಸಂಸಾರಿಗಳ ನಡುವೆ ಅದೇಕೆ ಅವಮಾನವಾಗಬೇಕು?

ಆದುದರಿಂದ ಹಿರಿಯರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಏನನ್ನೂ ಬಯಸದೆ ಕೊಡುವ ಸಾತ್ತ್ವಿಕದಾನವನ್ನು ಮಾಡಬೇಕೆಂದಿದ್ದರೆ, ಪ್ರತ್ಯುಪಕಾರ ಮಾಡಲಾರದವರನ್ನು ಹುಡುಕಿ ಕೊಡಿರಿ. ಮಕ್ಕಳಿಗೆ ಕೊಡುವುದಾದರೆ ಷರತ್ತನ್ನು ಬರೆಸಿ, ಮಕ್ಕಳಿಗೆ ಓದಿ ಹೇಳಿ, ಆಮೇಲೆ ಸಹಿ ಮಾಡಿರಿ. ಮಕ್ಕಳೂ ಅದನ್ನು ಅಪನಂಬಿಕೆಯೆಂದು ಬಗೆಯದಿರಲಿ. ಋಣವನ್ನು ತೀರಿಸುವ ಮನಸ್ಸುಳ್ಳವನಿಗೆ ಆ ಒಂದು ಸಾಲಿನಿಂದ ಯಾವ ನಷ್ಟವೂ ಇಲ್ಲ.