ಹೆಚ್ಚಳದ ಅಕ್ಕಿ

ಕಾಯಕಕ್ಕೆ ಮೀರಿದುದನ್ನು ಮನೆಗೆ ತರುವುದು ಶರಣಧರ್ಮವಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಸತಿ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಕಥೆ ಸರ್ವವಿದಿತ.

2024ರ ಜನವರಿಯಿಂದ ಕರ್ನಾಟಕ ಸರ್ಕಾರವು ಯುವನಿಧಿಯ ಮೂಲಕ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಗಳನ್ನೂ ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಗಳನ್ನೂ, ಎರಡು ವರ್ಷ ಮೀರದಂತೆ, ಕೊಡಲಾರಂಭಿಸಿತು. ಕೆಲಸ ದೊರೆತೊಡನೆ ನೆರವು ನಿಲ್ಲತಕ್ಕದ್ದು. ತಾನು ನಿರುದ್ಯೋಗಿಯೆಂದು ಪಡೆಯುವವನೇ ಘೋಷಿಸತಕ್ಕದ್ದು. ಗುಬ್ಬಿಯ ಅಥವಾ ಕುಣಿಗಲಿನ ತರುಣನೊಬ್ಬನಿಗೆ, ಪಡೆದ ಹಣವನ್ನು ಮರಳಿಸೆಂದು ತುಮಕೂರಿನಿಂದ ಪತ್ರ ಬಂದಿತೆನ್ನೋಣ. ಅವನು ಮರುಮಾತಿಲ್ಲದೆ ತೆರಬೇಕೆ?

ಕೆಲಸವನ್ನು ಮರೆಮಾಚಿ ಪಡೆದಿದ್ದರೆ ವಾದಕ್ಕೆ ಎಡೆಯಿಲ್ಲ, ಅದು ಪರಧನ. ಆದರೆ ಅವನು ನಿಜವಾಗಿಯೂ ನಿರುದ್ಯೋಗಿಯಾಗಿದ್ದರೆ, ಕಾರಣ ಕೇಳುವುದೂ ದಾಖಲೆ ತೋರಿಸುವುದೂ ಲೋಭವೆನಿಸದು. ಲಕ್ಕಮ್ಮನು ಬೇಡವೆಂದುದು ಹೆಚ್ಚಳವನ್ನು, ಕಾಯಕದ ಅನ್ನವನ್ನಲ್ಲ.

ಇನ್ನು ತಪ್ಪು ಕಚೇರಿಯದೇ ಆಗಿದ್ದು, ಹಣವು ಹೊಟ್ಟೆಗೆ ಸಂದುಹೋಗಿದ್ದರೆ? ಕಚೇರಿಯ ತಪ್ಪಿನಿಂದ ಕೆಳದರ್ಜೆಯ ನೌಕರರಿಗೆ ಸಂದ ಹೆಚ್ಚು ವೇತನವನ್ನು ವಸೂಲು ಮಾಡಲಾಗದೆಂದು 2014ರಲ್ಲಿ ರಫೀಕ್ ಮಸೀಹ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಆ ತೀರ್ಪು ನೌಕರರಿಗೆ ಸಂಬಂಧಿಸಿದುದು. ಆದರೂ ಬಡವನ ಕಷ್ಟವನ್ನು ತೂಗಿ ನೋಡುವ ಅದರ ದೃಷ್ಟಿ ಇಲ್ಲಿಯೂ ಸಲ್ಲುವಂತಹುದು. ಋಣವೆಂದು ಅಂತಃಸಾಕ್ಷಿ ಒಪ್ಪಿದರೆ ಕಂತುಗಳನ್ನು ಬೇಡಿ ತೀರಿಸಲಿ.

ಸುಳ್ಳಿನಿಂದ ಇಟ್ಟುಕೊಳ್ಳುವುದು ಹೇಗೆ ಅಧರ್ಮವೋ, ಅಂಜಿಕೆಯಿಂದ ಮಾಡದ ತಪ್ಪನ್ನು ಒಪ್ಪುವುದೂ ಹಾಗೆಯೇ ಸತ್ಯಕ್ಕೆ ದೂರವೆಂಬುದನ್ನು ಸದ್ಭಕ್ತರು ಮನಗಾಣಬೇಕು.