ಸಾಲುಸ್: ಆರೋಗ್ಯವೋ ಮುಕ್ತಿಯೋ

ಲ್ಯಾಟಿನ್‌ನಲ್ಲಿ ದೇಹದ ಆರೋಗ್ಯವನ್ನು ಸೂಚಿಸುವ ಪದಗಳಲ್ಲಿ ಮೂರು ಮುಖ್ಯ. 'ವಾಲೆಟೂಡೊ' ಹುಟ್ಟಿದ್ದು ಬಲವಾಗಿರು ಎಂಬರ್ಥದ ಧಾತುವಿನಿಂದ. ಆದರೂ ಅದು ಹೇಳುವುದು ಬರಿಯ ದೇಹಸ್ಥಿತಿಯನ್ನು. ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಜೊತೆಗಿನ ವಿಶೇಷಣ ತಿಳಿಸಬೇಕು. 'ಸಾನಿಟಾಸ್' ಸ್ವಸ್ಥತೆ. ರೋಮನ್ ವಾಗ್ಮಿ ಸಿಸೆರೊ ಅದನ್ನು ಮನಸ್ಸಿಗೂ ಅನ್ವಯಿಸಿ, ವಿವೇಕ ತಪ್ಪಿದ ಮನಸ್ಸನ್ನು ರೋಗಿಯೆಂದೇ ಎಣಿಸಿದ.

ಎಲ್ಲಕ್ಕಿಂತ ಆಳವಾದ ಪದ 'ಸಾಲುಸ್'. ಇಡಿಯಾಗಿರುವುದು, ಊನವಿಲ್ಲದಿರುವುದು ಇದರ ಮೂಲಾರ್ಥ. ಕನ್ನಡಿಗರು ದಿನವೂ ಬಳಸುವ ಸಂಸ್ಕೃತದ 'ಸರ್ವ'ಕ್ಕೂ ಇದೇ ಬೇರಿನ ನಂಟು. ಕ್ರಿ.ಪೂ. 302ರಲ್ಲಿ ರೋಮಿನ ಕ್ವಿರಿನಾಲ್ ಗುಡ್ಡದ ಮೇಲೆ ಸಾಲುಸ್ ದೇವಿಗೆ ಗುಡಿ ಅರ್ಪಿತವಾಯಿತು. ಆಕೆಯಲ್ಲಿ ಬೇಡುತ್ತಿದ್ದುದು ರಾಜ್ಯದ ಕ್ಷೇಮವನ್ನು.

ಕ್ರೈಸ್ತರು ಇದೇ ಪದವನ್ನು ಆತ್ಮದ ಉದ್ಧಾರಕ್ಕೆ ಬಳಸಿದರು. ಗ್ರೀಕರ 'ಸೋಟೇರ್' ಅನ್ನು ಒಂದೇ ಲ್ಯಾಟಿನ್ ಪದದಲ್ಲಿ ಹೇಳಲಾಗದು ಎಂದಿದ್ದ ಸಿಸೆರೊ. ಆದರೆ ಕ್ರೈಸ್ತರು ಅದಕ್ಕೆ 'ಸಾಲ್ವಾಟೋರ್', ಅಂದರೆ ಉದ್ಧಾರಕ, ಎಂಬ ಪದವನ್ನೇ ಬಳಕೆಗೆ ತಂದರು. ಲ್ಯಾಟಿನ್ ಬೈಬಲಿನಲ್ಲಿ ಯೇಸು ರೋಗಿಯೊಬ್ಬಳನ್ನು ವಾಸಿಮಾಡುವ ಮಾತೂ ಈ ಧಾತುವಿನದೇ. ಅಲ್ಲಿ ಗುಣವಾದದ್ದು ದೇಹವೋ, ಉಳಿದದ್ದು ಆತ್ಮವೋ? ಎರಡನ್ನೂ ಬೇರ್ಪಡಿಸಲು ಆ ಪದ ಒಪ್ಪುವುದಿಲ್ಲ. ಅದರ ನಿಜವಾದ ಸಂಪತ್ತು ಇದೇ. ದೇಹವನ್ನು ಕಳಚಿಹಾಕುವುದೇ ಮುಕ್ತಿಯೆಂದು ಕ್ರೈಸ್ತ ಚಿಂತಕ ಆಗಸ್ಟೀನನೂ (354–430) ಒಪ್ಪಲಿಲ್ಲ. ತನ್ನ 'ದೇವನಗರಿ' ಗ್ರಂಥದ ಕೊನೆಯ ಭಾಗದಲ್ಲಿ ಅವನು, ಪುನರುತ್ಥಾನದಲ್ಲಿ ದೇಹದ ಊನಗಳೆಲ್ಲ ನೀಗುವುವೆಂದೂ, ಹುತಾತ್ಮರ ಗಾಯದ ಗುರುತುಗಳು ಮಾತ್ರ ಶೋಭೆಯಾಗಿ ಉಳಿಯಬಹುದೆಂದೂ ಬರೆದ.